ನಕ್ಷತ್ರ ನೋಡಿ ಕಷಾಯ ಕುಡಿಯಬಹುದೇ?

ಓದುಗರ ಪತ್ರ: ನನ್ನದು ಮೇಷ ರಾಶಿ, ಅಶ್ವಿನಿ ನಕ್ಷತ್ರ. ಮೈದುನ ವಾಟ್ಸ್ಆಪ್‌ನಲ್ಲಿ ಒಂದು ಪಟ್ಟಿ ಕಳಿಸಿದ್ದಾರೆ. ಇಪ್ಪತ್ತೇಳು ನಕ್ಷತ್ರಕ್ಕೂ ಒಂದೊಂದು ಮರ. ಸೂರ್ಯ ನಮ್ಮ ಜನ್ಮನಕ್ಷತ್ರಕ್ಕೆ ಬಂದ ದಿನಗಳಲ್ಲಿ ಆ ಮರದ ಕಷಾಯ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲವಂತೆ. ನನಗೆ ಬಿ.ಪಿ. ಇದೆ, ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದೇನೆ. ಕಷಾಯ ಶುರುಮಾಡಿ ಮಾತ್ರೆ ಬಿಡಬಹುದೇ? ಇನ್ನೊಂದು ವಿಷಯ: ಉತ್ತರಾಯಣ ಜನವರಿ ಮಧ್ಯದಲ್ಲಿ ಎನ್ನುತ್ತದೆ ಪಂಚಾಂಗ. ಡಿಸೆಂಬರ್‌ನಲ್ಲೇ ಶುರುವಾಗಿರುತ್ತದೆ ಎಂದು ಮಗಳ ವಾದ. ಯಾರು ಸರಿ? ರಾಶಿಭವಿಷ್ಯ ಅಚ್ಚು ಹಾಕುವ ನೀವು ನೇರವಾಗಿ ಉತ್ತರಿಸುತ್ತೀರಿ ಎಂಬ ನಂಬಿಕೆಯೇನೂ ಇಲ್ಲ, ಆದರೂ ಬರೆದಿದ್ದೇನೆ.

ಸಂಪಾದಕರ ಉತ್ತರ: ನಂಬಿಕೆ ಇಲ್ಲದೆಯೂ ಬರೆದಿರಲ್ಲ, ಸಂತೋಷ. ಉಳಿದದ್ದೆಲ್ಲ ಆಮೇಲೆ, ಮೊದಲು ಆ ಪಟ್ಟಿಯ ಮೊದಲ ಸಾಲನ್ನು ನೋಡಿ. ನಕ್ಷತ್ರವೃಕ್ಷಗಳ ಪಟ್ಟಿಗಳಲ್ಲಿ ಅಶ್ವಿನಿಯ ಎದುರು ಸಾಮಾನ್ಯವಾಗಿ ಇರುವುದು ಕಾಸರಕ. ಹೆಮ್ಮುಷ್ಟಿ ಎಂದೂ ಕರೆಯುತ್ತಾರೆ. ಕಿತ್ತಳೆ ಬಣ್ಣದ ದುಂಡನೆಯ ಹಣ್ಣು ಬಿಡುತ್ತದೆ. ಅದರೊಳಗೆ ಚಪ್ಪಟೆಯಾದ, ಬೂದುಬಣ್ಣದ, ಮುಟ್ಟಿದರೆ ನಯವಾದ ರೋಮ ತಾಗುವ ಬೀಜಗಳಿರುತ್ತವೆ. ನೋಡಲು ಚೆಂದ. ಆದರೆ ಆ ಬೀಜದಲ್ಲಿರುವುದು ಸ್ಟ್ರಿಕ್ನಿನ್, ಇಲಿ ಪಾಷಾಣಕ್ಕೆ ಬಳಸುತ್ತಿದ್ದ ವಿಷ. ತೊಗಟೆಯೂ ವಿಷವೇ. ಸ್ನಾಯುಗಳನ್ನು ಹತೋಟಿಯಲ್ಲಿಡಲು ಬೆನ್ನುಹುರಿ ಕಳಿಸುವ 'ಸಾಕು, ನಿಲ್ಲು' ಎಂಬ ಸೂಚನೆಯನ್ನೇ ಅದು ತಡೆದುಬಿಡುತ್ತದೆ. ಆಗ ಮೈಯೆಲ್ಲ ಸೆಟೆದುಕೊಂಡು ಸೆಳೆತ ಶುರುವಾಗುತ್ತದೆ, ಪ್ರಜ್ಞೆ ಇರುವಾಗಲೇ ಉಸಿರಾಟದ ಸ್ನಾಯುಗಳು ಬಿಗಿಯುತ್ತವೆ. ಆಯುರ್ವೇದದಲ್ಲಿ ಈ ಬೀಜಕ್ಕೆ ಸ್ಥಾನವಿದೆ ನಿಜ. ಆದರೆ ಅದನ್ನು ಶೋಧನೆ (ವಿಷ ತಗ್ಗಿಸುವ ಸಂಸ್ಕಾರ) ಮಾಡಿ, ಅತಿ ಸಣ್ಣ ಪ್ರಮಾಣದಲ್ಲಿ, ವೈದ್ಯರೇ ಕೊಡಬೇಕು. ಮನೆಯಲ್ಲಿ ಕುದಿಸುವ ಪದಾರ್ಥ ಅದಲ್ಲ.

ದಯವಿಟ್ಟು ಮೈದುನನಿಗೂ ಇವತ್ತೇ ಫೋನ್ ಮಾಡಿ ಹೇಳಿ. ಅವರು ಇನ್ನೆಷ್ಟು ಜನ ಅಶ್ವಿನಿಯವರಿಗೆ ಕಳಿಸಿದ್ದಾರೋ! ನಕ್ಷತ್ರವೃಕ್ಷ ಎಂದರೆ ನೆಟ್ಟು ನೀರೆರೆಯುವ, ಕೈಮುಗಿಯುವ ಮರ. ಅರಳಿ, ಆಲ, ಅತ್ತಿ, ನೆಲ್ಲಿ, ಬೇವು ಎಲ್ಲ ಆ ಸಾಲಿನಲ್ಲಿವೆ. ಅದನ್ನು ಕುಡಿಯುವ ಪಟ್ಟಿ ಮಾಡಿದ್ದು ಯಾರೋ ತಿಳಿಯದು. ಯಾರೇ ಇರಲಿ, ಅವರು ಆ ಮರಗಳನ್ನು ಒಂದೊಂದಾಗಿ ನೋಡಿದವರಂತೂ ಅಲ್ಲ.

ಬಿ.ಪಿ. ಮಾತ್ರೆ ಬಿಡಬೇಡಿ. ಕೆಲವು ಜಾತಿಯ ಬಿ.ಪಿ. ಮಾತ್ರೆಗಳನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಚಿಮ್ಮುತ್ತದೆ. ಬೇಸರವಾಗಿದ್ದರೆ ಅದನ್ನೇ ವೈದ್ಯರ ಮುಂದೆ ಹೇಳಿ. ಮಾತ್ರೆ ಬದಲಿಸಲು, ಪ್ರಮಾಣ ತಗ್ಗಿಸಲು ಅವರ ಬಳಿ ದಾರಿಗಳಿರುತ್ತವೆ.

ಇನ್ನು ನಿಮ್ಮ ಪತ್ರದ ತಿರುಳಿಗೆ ಬರುತ್ತೇನೆ. ನಕ್ಷತ್ರ, ಋತು, ಗಿಡಮೂಲಿಕೆ ಈ ಮೂರಕ್ಕೂ ಸಂಬಂಧವೇ ಇಲ್ಲವೇ? ಇದೆ. ಆದರೆ ವಾಟ್ಸ್ಆಪ್ ಹೇಳುವ ರೀತಿಯದಲ್ಲ.

ಸೂರ್ಯನ ದಾರಿಯನ್ನು ಇಪ್ಪತ್ತೇಳು ಪಾಲು ಮಾಡಿದರೆ ಒಂದೊಂದು ನಕ್ಷತ್ರಕ್ಕೆ 13 ಡಿಗ್ರಿ 20 ಕಲೆ ಸಿಗುತ್ತದೆ (ಅರವತ್ತು ಕಲೆ ಸೇರಿದರೆ ಒಂದು ಡಿಗ್ರಿ). ಅಷ್ಟನ್ನು ದಾಟಲು ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನ ಬೇಕು. ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲದ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಲೆಕ್ಕ ಇನ್ನೇನಿತ್ತು? ಲುಬ್ಧಕ ನಕ್ಷತ್ರ ಮುಂಜಾವಿನಲ್ಲಿ ಮತ್ತೆ ಕಾಣಿಸಿಕೊಂಡರೆ ಈಜಿಪ್ಟಿನವರು ನೈಲ್ ನದಿಯ ಪ್ರವಾಹಕ್ಕೆ ಸಜ್ಜಾಗುತ್ತಿದ್ದರು. ಗ್ರೀಕರು ಕೃತ್ತಿಕೆ ಮೂಡಿದಾಗ ಕೊಯ್ಲಿಗೆ, ಮುಳುಗಿದಾಗ ಉಳುಮೆಗೆ ಇಳಿಯುತ್ತಿದ್ದರು. ಮಳೆಗೆ ನಕ್ಷತ್ರದ ಹೆಸರಿಟ್ಟದ್ದೂ ಇದೇ ಬಗೆಯದು. ಗ್ರೀಕ್ ವೈದ್ಯ ಹಿಪೊಕ್ರಾಟಿಸ್‌ನ ಪರಂಪರೆಯ ವೈದ್ಯಗ್ರಂಥವೊಂದು ಲುಬ್ಧಕ, ಸ್ವಾತಿಗಳ ಉದಯ, ಕೃತ್ತಿಕೆಯ ಅಸ್ತ, ಅಯನ ಬದಲಾಗುವ ದಿನಗಳು ಇವೆಲ್ಲ ಹತ್ತಿರ ಬಂದಾಗ ಭೇದಿಯ ಔಷಧ ಕೊಡುವುದರಲ್ಲಿ ಎಚ್ಚರವಿರಲಿ ಎನ್ನುತ್ತದೆ. ಹವೆ ಮಗುಚಿಕೊಳ್ಳುವ ಸಮಯವನ್ನು ಗುರುತಿಸುವ ಬಗೆ ಅದು. ಗಡಿಯಾರದಲ್ಲಿ ಹತ್ತು ಹೊಡೆದಾಗ ಬಸ್ಸು ಬರುತ್ತದೆ, ಹಾಗೆಂದು ಬಸ್ಸನ್ನು ಕರೆತಂದದ್ದು ಗಡಿಯಾರ ಎನ್ನಲಾಗುತ್ತದೆಯೇ?

ಗಡಿಯಾರ ಎಂದ ಮೇಲೆ ಆಗಾಗ ಸರಿಪಡಿಸಲೂ ಬೇಕು. ಮಗಳ ಪ್ರಶ್ನೆ ಇರುವುದು ಇಲ್ಲೇ. ಭೂಮಿಯ ಅಕ್ಷ ನಿಧಾನವಾಗಿ ಓಲಾಡುತ್ತದೆ. ಹಾಗಾಗಿ ಅಯನ ಬದಲಾಗುವ ದಿನ, ಹಗಲು ರಾತ್ರಿ ಸಮನಾಗುವ ವಿಷುವದ ದಿನ ಸೂರ್ಯ ಇರುವ ಜಾಗ ನಕ್ಷತ್ರಗಳ ಹಿನ್ನೆಲೆಯಲ್ಲಿ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಸರಿಯುತ್ತ ಹೋಗುತ್ತದೆ. ಅಯನಾಂಶ ಎನ್ನುವುದು ಇದರ ಲೆಕ್ಕವನ್ನೇ. ಈಗ ಅದು 24 ಡಿಗ್ರಿ ದಾಟಿದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು, ನಕ್ಷತ್ರಗಳ ಲೆಕ್ಕದ ಮಕರಕ್ಕೆ ಅವನು ಕಾಲಿಡುವುದು ಜನವರಿ 14 ಅಥವಾ 15ರಂದು. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಪಂಚಾಂಗ ಸಂಕ್ರಾಂತಿಯನ್ನು ತಪ್ಪಾಗಿ ಹೇಳುತ್ತಿಲ್ಲ, ಸೂರ್ಯ ಮಕರಕ್ಕೆ ಬರುವುದು ಆ ದಿನವೇ. ಉತ್ತರಾಯಣದ ಮಟ್ಟಿಗೆ ಮಾತ್ರ ಮಗಳ ಮಾತೇ ಸರಿ.

ಇದನ್ನು ಕೇಳಿ ಯಾರಾದರೂ 'ಶಾಸ್ತ್ರವನ್ನೇ ಪ್ರಶ್ನಿಸುತ್ತೀರಾ' ಎಂದರೆ ಅವರಿಗೆ ವರಾಹಮಿಹಿರನನ್ನು ತೋರಿಸಿ. ಆರನೇ ಶತಮಾನದವನು, ಜ್ಯೋತಿಷಿಗಳಲ್ಲಿ ದೊಡ್ಡ ಹೆಸರು. ಬೃಹತ್ಸಂಹಿತೆಯಲ್ಲಿ ಅವನು ಹೇಳುವುದು ಇಷ್ಟು: ದಕ್ಷಿಣಾಯನ ಆಶ್ಲೇಷದ ನಡುವಿನಿಂದ, ಉತ್ತರಾಯಣ ಧನಿಷ್ಠೆಯ ಆರಂಭದಿಂದ ಎಂದು ಹಿಂದಿನ ಶಾಸ್ತ್ರಗಳು ಹೇಳಿವೆ, ಒಂದಾನೊಂದು ಕಾಲದಲ್ಲಿ ಹಾಗೆ ಇದ್ದಿರಬೇಕು, ಈಗ ಅವು ಕರ್ಕಾಟಕ ಮತ್ತು ಮಕರದ ಆದಿಯಿಂದ ನಡೆಯುತ್ತಿವೆ. ಹೇಳಿ ಸುಮ್ಮನಾಗಲಿಲ್ಲ. ಕಣ್ಣಾರೆ ಪರೀಕ್ಷಿಸಿ ನೋಡಿ ಎಂದ. ಸೂರ್ಯೋದಯ ಸೂರ್ಯಾಸ್ತದ ಹೊತ್ತಿಗೆ ದೂರದ ಗುರುತೊಂದನ್ನು ಹಿಡಿದು ನೋಡುವುದು, ಇಲ್ಲವೇ ದೊಡ್ಡ ವೃತ್ತ ಎಳೆದು ಶಂಕುವಿನ (ನೆಟ್ಟ ಕೋಲಿನ) ನೆರಳು ಅದರೊಳಕ್ಕೆ ಎಲ್ಲಿ ಬಂತು, ಎಲ್ಲಿ ಹೊರಹೋಯಿತು ಎಂದು ಗುರುತು ಹಾಕುವುದು, ಹೀಗೆ ಎರಡು ದಾರಿಗಳನ್ನೂ ಕೊಟ್ಟ. ಹಿರಿಯರ ಮಾತಿಗೂ ಆಕಾಶಕ್ಕೂ ತಾಳೆಯಾಗದಿದ್ದರೆ ಅವನು ಆಕಾಶದ ಪಕ್ಷ. 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ ಮಾಡಿದ್ದೂ ಇದನ್ನೇ. 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಕ್ಯಾಲೆಂಡರಿನಲ್ಲಿ ವರ್ಷ ಶುರುವಾಗುವುದು ವಸಂತ ವಿಷುವದ ಮರುದಿನ, ಋತುವಿನ ಲೆಕ್ಕಕ್ಕೆ ಸರಿಯಾಗಿ.

ಇಷ್ಟು ತಿಳಿದಮೇಲೆ ರಾಶಿಗೊಂದು ಮೂಲಿಕೆ ಎಂಬ ಮಾತು ಎಲ್ಲಿ ಕುಸಿಯುತ್ತದೆ ನೋಡಿ. ಜನವರಿಯ ಕೊನೆಗೆ ಸೂರ್ಯ ಮಕರದಲ್ಲಿರುತ್ತಾನೆ. ಭೂಮಧ್ಯರೇಖೆಯ ಉತ್ತರದವರಿಗೆ ಆಗ ಚಳಿ, ದಕ್ಷಿಣದವರಿಗೆ ಕಡುಬೇಸಿಗೆ. ಒಂದೇ ಸೂರ್ಯ, ಒಂದೇ ರಾಶಿ, ಆದರೂ ಒಬ್ಬರಿಗೆ ಮೈ ಬೆಚ್ಚಗಿಡುವ ಶುಂಠಿ ಹಿತ, ಇನ್ನೊಬ್ಬರಿಗೆ ತಂಪಿನದು. ಮಕರ ಮಾಸಕ್ಕೆ ಇಂಥ ಕಷಾಯ ಎಂದು ಬರೆದಿಟ್ಟರೆ ಭೂಮಿಯ ಅರ್ಧ ಭಾಗದಲ್ಲಿ ಅದು ತಿರುವುಮುರುವು. ಹುಟ್ಟಿದ ಕಾಲಕ್ಕೂ ಕೆಲವು ಕಾಯಿಲೆಗಳಿಗೂ ಸಣ್ಣ ನಂಟು ಇರುವುದನ್ನು ವೈದ್ಯವಿಜ್ಞಾನ ಗಮನಿಸಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯೂಹದ ಕಾಯಿಲೆ ಭೂಮಿಯ ಉತ್ತರ ಗೋಳಾರ್ಧದಲ್ಲಿ ಮೇ ತಿಂಗಳ ಆಸುಪಾಸು ಹುಟ್ಟಿದವರಲ್ಲಿ ಕೊಂಚ ಹೆಚ್ಚು. ಆಸ್ಟ್ರೇಲಿಯಾದಲ್ಲಿ ನೋಡಿದರೆ ನವೆಂಬರ್, ಡಿಸೆಂಬರ್‌ನಲ್ಲಿ ಹುಟ್ಟಿದವರಲ್ಲಿ ಹೆಚ್ಚು. ರಾಶಿ ಬೇರೆ, ಋತು ಮಾತ್ರ ಒಂದೇ. ಗರ್ಭದಲ್ಲಿದ್ದಾಗ ತಾಯಿಗೆ ಸಿಕ್ಕ ಬಿಸಿಲು ಎಷ್ಟು ಎಂಬ ಕಡೆಗೆ ಸಂಶೋಧಕರ ಅನುಮಾನ ಹೋಗುವುದು ಇದೇ ಕಾರಣಕ್ಕೆ.

ಋತುವಿನ ನಿಜವಾದ ಮಹಿಮೆ ಕಾಣಬೇಕಾದರೆ ಜಾತಕ ಬದಿಗಿಟ್ಟು ಗಿಡವನ್ನು ನೋಡಬೇಕು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಮೂಲಿಕೆ ಸಂಗ್ರಹಿಸುವ ಕಾಲವನ್ನು ಹೇಳಿದೆ. ಎಳೆಯ ರೆಂಬೆ, ಎಲೆ ಬೇಕಿದ್ದರೆ ಮಳೆಗಾಲದ ವರ್ಷಋತು ಮತ್ತು ವಸಂತದಲ್ಲಿ. ಬೇರು ಬೇಕಿದ್ದರೆ ಗ್ರೀಷ್ಮದಲ್ಲಿ ಅಥವಾ ಎಲೆ ಉದುರಿದ ಶಿಶಿರದಲ್ಲಿ. ತೊಗಟೆ, ಗೆಡ್ಡೆ, ಹಾಲು ಶರತ್ತಿನಲ್ಲಿ. ಮರದ ಚೇಗು ಹೇಮಂತದಲ್ಲಿ. ಹೂವು, ಹಣ್ಣು ಬೇಕಿದ್ದರೆ ಅವು ಬಿಟ್ಟಾಗ. ಇದು ಗಿಡದ ಜೊತೆ ಬದುಕಿದವರ ಮಾತು. ಎಲೆ ಉದುರಿಸಿದ ಗಿಡ ತನ್ನ ಸಾರವನ್ನು ಬೇರಿಗೆ ಇಳಿಸಿಕೊಂಡಿರುತ್ತದೆ, ಚಿಗುರಿದಾಗ ಅದೇ ಸಾರ ಮೇಲೇರಿರುತ್ತದೆ.

ಔಷಧದ ಪ್ರಮಾಣ ನಿಂತಿರುವುದೂ ಇದರ ಮೇಲೆಯೇ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಡಿಜಿಟಾಲಿಸ್ ಗಿಡದ ಬಗ್ಗೆ 1785ರಲ್ಲಿ ಬರೆದ. ಹೃದಯದ ತೊಂದರೆಯಿಂದ ಮೈ ಊದಿಕೊಂಡವರಿಗೆ ಅದು ಔಷಧ, ಸ್ವಲ್ಪ ಹೆಚ್ಚಾದರೆ ಹೃದಯವನ್ನೇ ನಿಲ್ಲಿಸುವ ವಿಷ. ಋತು ಬದಲಾದಂತೆ ಅದರ ತೀವ್ರತೆಯೂ ಬದಲಾಗುವುದನ್ನು ಕಂಡ ಅವನು ಹೂ ಬಿಡುವ ಹೊತ್ತಿನ ಎಲೆಯನ್ನೇ ಆರಿಸಿ, ಒಣಗಿಸಿ, ಪುಡಿಮಾಡಿ ತೂಕ ಮಾಡಿ ಕೊಟ್ಟ. ಚೀನಾದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ತಂದುಕೊಟ್ಟ ಮಲೇರಿಯಾ ಔಷಧದ ಕಥೆಯಲ್ಲೂ ಇದೇ ಇದೆ. ನಾಲ್ಕನೇ ಶತಮಾನದ ವೈದ್ಯ ಗ ಹೊಂಗ್ ಆ ಔಷಧದ ಮೂಲವಾದ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದಿದ್ದ, ಕುದಿಸಿ ಎಂದಿರಲಿಲ್ಲ. ಆ ಸುಳಿವು ಹಿಡಿದು ಅವರು ಕಡಿಮೆ ಬಿಸಿಯಲ್ಲಿ ಸಾರ ತೆಗೆದರು. ಆ ಸಾರ ಇರುವುದು ಎಲೆಯಲ್ಲಿ, ಅದೂ ಹೂ ಬಿಡುವ ಮೊದಲು ಹೆಚ್ಚು. ತಿಂಗಳು ತಪ್ಪಿ ಕೊಯ್ದರೆ ಗಿಡ ಅದೇ ಆದರೂ ಔಷಧ ಅದಲ್ಲ.

ದೇಹಕ್ಕೂ ಋತುಚರ್ಯೆ ಇದೆ, ಅದರಲ್ಲಿ ನನಗೆ ತುಂಬ ಇಷ್ಟವಾದದ್ದು ಋತುಸಂಧಿ. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ. ಈ ಹದಿನಾಲ್ಕು ದಿನಗಳಲ್ಲಿ ಹಳೆಯ ಕ್ರಮವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೊಸದನ್ನು ಸ್ವಲ್ಪ ಸ್ವಲ್ಪವೇ ಹಿಡಿಯಬೇಕು, ಥಟ್ಟನೆ ಬದಲಿಸಿದರೆ ಅದೇ ಕಾಯಿಲೆಗೆ ದಾರಿ ಎನ್ನುತ್ತಾನೆ ಆಯುರ್ವೇದದ ಹಳೆಯ ಗ್ರಂಥಕಾರ ವಾಗ್ಭಟ. ಅಳಲೆಕಾಯಿಯ ಕ್ರಮವೂ ಹಾಗೆಯೇ ಸೊಗಸಾದದ್ದು: ವರ್ಷಋತುವಿನಲ್ಲಿ ಸೈಂಧವ ಲವಣದ ಜೊತೆ, ಶರತ್ತಿನಲ್ಲಿ ಸಕ್ಕರೆ, ಹೇಮಂತದಲ್ಲಿ ಶುಂಠಿ, ಶಿಶಿರದಲ್ಲಿ ಹಿಪ್ಪಲಿ, ವಸಂತದಲ್ಲಿ ಜೇನು, ಗ್ರೀಷ್ಮದಲ್ಲಿ ಬೆಲ್ಲ. ಕಾಯಿ ಒಂದೇ, ಅನುಪಾನ ಆರು. ಇಲ್ಲಿ ಎಲ್ಲಾದರೂ ನಿಮ್ಮ ಜನ್ಮನಕ್ಷತ್ರ ಕೇಳಿದ್ದಾರೆಯೇ? ಕೇಳಿದ್ದು ಹೊರಗಿನ ಋತುವನ್ನು ಮಾತ್ರ. ಹಾಗೆಂದು ಇದನ್ನೂ ನೀವಾಗಿ ಶುರುಮಾಡಬೇಡಿ. ಬಸುರಿಯರಿಗೆ, ತೀರ ಸೊರಗಿದವರಿಗೆ ಅಳಲೆ ಬೇಡ ಎಂದು ಪರಂಪರೆಯೇ ಹೇಳುತ್ತದೆ. ನಿಮ್ಮ ವಿಷಯದಲ್ಲಿ ಸೈಂಧವ ಲವಣವೂ ಉಪ್ಪೇ.

ನಿಮಗೆಂದೇ ಇನ್ನೊಂದು ಎಚ್ಚರಿಕೆ. ಚಳಿಗಾಲದ ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳುವವರು ಬಹಳ. ಅತಿಮಧುರ ಎಂದರೂ ಅದೇ. ಅದರಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡಿ, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯ ಜೊತೆ ಸೇರಿದರೆ ಪೊಟ್ಯಾಸಿಯಂ ಇನ್ನೂ ಕೆಳಗಿಳಿದು ಹೃದಯದ ಬಡಿತ ಏರುಪೇರಾಗಬಹುದು. ನೀವು ಸೇವಿಸುವ ಚೂರ್ಣ, ಲೇಹ್ಯ, ಕಷಾಯದ ಪುಡಿ ಎಲ್ಲದರ ಡಬ್ಬಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಮುಂದಿನ ಸಲ ವೈದ್ಯರ ಬಳಿ ಹೋಗಿ. ಹೆಸರು ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಡಬ್ಬಿ ತೋರಿಸುವುದು ಸುಲಭ, ಹಿಂಬದಿಯ ಸಣ್ಣಕ್ಷರ ಅವರೇ ಓದಿಕೊಳ್ಳುತ್ತಾರೆ.

ಕೊನೆಗೆ ನಮ್ಮ ರಾಶಿಭವಿಷ್ಯ. ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು 2008ರಲ್ಲಿ ಜಾಣ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಕಲಸಿ ಜ್ಯೋತಿಷಿಗಳಿಗೆ ಕೊಟ್ಟು, ಯಾವುದು ಯಾರದ್ದು ಎಂದು ಕೇಳಿದ್ದರು. ಉತ್ತರ ಕಳಿಸಿದ 27 ಮಂದಿಯ ಸರಾಸರಿ ಶೇ. 46. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಇದು ಗೊತ್ತಿದ್ದೂ ಆ ಪುಟ ಯಾಕೆ ಎಂದರೆ, ಓದುಗರಲ್ಲಿ ಬಹಳ ಮಂದಿ ಪತ್ರಿಕೆ ಕೈಗೆ ಬಂದೊಡನೆ ಮೊದಲು ತೆರೆಯುವುದು ಅದನ್ನೇ. ಪದಬಂಧದಂತೆ ಅದೂ ಇರಲಿ ಎಂಬುದು ನನ್ನ ನಿಲುವು, ನೀವು ಒಪ್ಪಬೇಕಿಲ್ಲ. 'ಈ ವಾರ ಧನಲಾಭ' ಎಂದು ಓದಿ ಯಾರ ಮೈಗೂ ಏನೂ ಆಗುವುದಿಲ್ಲ. 'ಈ ವಾರ ಇಂಥ ಕಷಾಯ ಕುಡಿಯಿರಿ' ಎಂಬ ಸಾಲಿಗೆ ಮಾತ್ರ ಅಲ್ಲಿ ಜಾಗವಿಲ್ಲ. ಆ ಅಂಕಣ ಬರೆಯುವವರಿಗೂ ಇದು ತಿಳಿದಿದೆ.