ದೂರದ ಟವರ್, ತಾರಸಿಯ ಆಂಟೆನಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಶ್ಶೂ ಬೇಡ, ಕೇಬಲ್ಲೂ ಬೇಡ, ನೆಲದ ಮೇಲಿನ ಟವರ್‌ಗಳ ಎಚ್‌ಡಿ ಪ್ರಸಾರವನ್ನೇ ನೇರವಾಗಿ ಹಿಡಿಯಬೇಕು ಎನ್ನುವವರ ಪ್ರಶ್ನೆಗಳು ಈ ಬಾರಿ. ಟವರ್ ದೂರವಿದ್ದಾಗ ಎದುರಾಗುವ ತೊಂದರೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಟವರ್ ನಮ್ಮಿಂದ 85 ಕಿ.ಮೀ. ದೂರ. ‘240 ಕಿ.ಮೀ. ರೇಂಜ್, ಎಚ್‌ಡಿ’ ಎಂದು ಡಬ್ಬದ ಮೇಲೆ ಬರೆದಿರುವ ಆಂಟೆನಾ ತಂದರೆ ಸಾಕೆ? ಕಂಬ ಎಷ್ಟು ಎತ್ತರ ಇರಬೇಕು?

ಉತ್ತರ: ಆ ರೇಂಜ್ ನಂಬಿ ಕೊಳ್ಳಬೇಡಿ. ಎಷ್ಟು ದೂರದ ಸಿಗ್ನಲ್ ಸಿಗುತ್ತದೆ ಎಂಬುದು ಟವರ್‌ನ ಎತ್ತರ, ಪ್ರಸಾರದ ಪವರ್, ನಡುವಿನ ಗುಡ್ಡಗಳು ಮತ್ತು ಭೂಮಿಯ ಉಬ್ಬಿನಿಂದ ತೀರ್ಮಾನವಾಗುತ್ತದೆ. ಎಚ್‌ಡಿಗೆಂದೇ ಬೇರೆ ಆಂಟೆನಾ ಎಂಬುದೂ ಇಲ್ಲ. ಆಂಟೆನಾ ಹಿಡಿಯುವುದು ಫ್ರೀಕ್ವೆನ್ಸಿಯನ್ನು. ಅದರಿಂದ ಚಿತ್ರ ಬಿಡಿಸುವುದು ಟ್ಯೂನರ್‌ನ ಕೆಲಸ.

ಲೆಕ್ಕ ಸುಲಭ. ಟವರ್‌ನ ಎತ್ತರ, ನಿಮ್ಮ ಆಂಟೆನಾದ ಎತ್ತರ ಎರಡನ್ನೂ ಮೀಟರ್‌ನಲ್ಲಿ ಬರೆದುಕೊಳ್ಳಿ. ಎರಡರ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿ. ನೆಲ ಸಮತಟ್ಟಾಗಿದ್ದರೆ, ಬಂದ ಸಂಖ್ಯೆಯೇ ಕಿಲೋಮೀಟರ್ ಲೆಕ್ಕದಲ್ಲಿ ರೇಡಿಯೊ ದಿಗಂತ, ಅಂದರೆ ಭೂಮಿಯ ಉಬ್ಬು ಅಡ್ಡ ಬಾರದೆ ಸಿಗ್ನಲ್ ತಲುಪುವ ದೂರ. 300 ಮೀಟರ್ ಟವರ್‌ಗೆ 9 ಮೀಟರ್ ಎತ್ತರದ ಆಂಟೆನಾ ಹಿಡಿದರೆ ಸುಮಾರು 84 ಕಿ.ಮೀ. ಆಂಟೆನಾವನ್ನು 16 ಮೀಟರ್‌ಗೆ ಏರಿಸಿದರೂ 88 ಕಿ.ಮೀ. ಮಾತ್ರ. ದಿಗಂತದ ಆಚೆಗೂ ಸಿಗ್ನಲ್ ಸ್ವಲ್ಪ ಬಾಗಿ ಬರುತ್ತದೆ, ಆದರೆ ಬೇಗ ಕ್ಷೀಣಿಸುತ್ತದೆ.

ಹಾಗಾದರೆ ಎತ್ತರ ವ್ಯರ್ಥವೇ? ಅಲ್ಲ. ಅದರ ನಿಜವಾದ ಲಾಭ ಹತ್ತಿರದ ಮರ, ಮಾಡುಗಳನ್ನು ದಾಟುವುದರಲ್ಲಿದೆ. ಟವರ್ ದಿಕ್ಕಿನಲ್ಲಿ ನಿಂತಿರುವ ಮರದ ಎಲೆಗಳು, ಅದರಲ್ಲೂ ಮಳೆಯಲ್ಲಿ ನೆನೆದ ಎಲೆಗಳು, ಯುಎಚ್‌ಎಫ್ (ಟಿವಿ ಪ್ರಸಾರದ ಮೇಲಿನ ಫ್ರೀಕ್ವೆನ್ಸಿ ಪಟ್ಟಿ) ಸಿಗ್ನಲನ್ನು ಚೆನ್ನಾಗಿ ಹೀರುತ್ತವೆ. ಅಂಥ ಮರವನ್ನು ದಾಟಿಸುವಷ್ಟು ಕಂಬ ಬೇಕು. ಅದಕ್ಕಿಂತ ಹೆಚ್ಚು ಎತ್ತರಿಸುವ ಮೊದಲು ಆಂಟೆನಾವನ್ನು ತಾರಸಿಯ ಮೇಲೆಯೇ ಅರ್ಧ ಅರ್ಧ ಮೀಟರ್ ಸರಿಸಿ ನೋಡಿ. 500 ಮೆಗಾಹರ್ಟ್ಸ್‌ನ ತರಂಗದ ಉದ್ದ ಬರೀ 60 ಸೆಂ.ಮೀ. ನೇರ ಬಂದ ಅಲೆಯೂ ನೆಲಕ್ಕೆ, ಗೋಡೆಗೆ ತಾಗಿ ಬಂದ ಅಲೆಯೂ ಒಂದು ಜಾಗದಲ್ಲಿ ಕೂಡಿ ಬಲವಾಗುತ್ತವೆ, ಪಕ್ಕದಲ್ಲೇ ಒಂದನ್ನೊಂದು ಕಳೆಯುತ್ತವೆ. ಕೆಲವು ಮನೆಗಳಲ್ಲಿ ಒಂದು ಮೀಟರ್ ಕೆಳಗಿಳಿಸಿದಾಗಲೇ ಚಿತ್ರ ಸ್ಥಿರವಾಗುತ್ತದೆ.

ಕೊಳ್ಳುವ ಮೊದಲು ಚಾನೆಲ್‌ನ ನಿಜವಾದ ಫ್ರೀಕ್ವೆನ್ಸಿ ತಿಳಿದುಕೊಳ್ಳಿ. ಟಿವಿ ಪರದೆಯ ಮೇಲೆ 5 ಎಂದು ಕಂಡ ಮಾತ್ರಕ್ಕೆ ಅದು ವಿಎಚ್‌ಎಫ್ (ಕೆಳಗಿನ ಫ್ರೀಕ್ವೆನ್ಸಿ ಪಟ್ಟಿ) ಚಾನೆಲ್ ಎಂದಲ್ಲ. ಅದು ಪರದೆಗಷ್ಟೇ ಕೊಟ್ಟ ಸಂಖ್ಯೆ, ಪ್ರಸಾರ ಯುಎಚ್‌ಎಫ್‌ನಲ್ಲಿ ಇರಬಹುದು. ಆಂಟೆನಾದ ಕಡ್ಡಿಗಳನ್ನು ಅಳೆದರೂ ವಿಷಯ ಗೊತ್ತಾಗುತ್ತದೆ. 470 ಮೆಗಾಹರ್ಟ್ಸ್‌ನ ಅರ್ಧ ತರಂಗ ಸುಮಾರು 32 ಸೆಂ.ಮೀ., 200 ಮೆಗಾಹರ್ಟ್ಸ್‌ನದು 75 ಸೆಂ.ಮೀ. ಯಾಗಿ ಆಂಟೆನಾದ (ಉದ್ದದ ದಂಡಕ್ಕೆ ಸಾಲಾಗಿ ಅಡ್ಡ ಕಡ್ಡಿಗಳಿರುವುದು) ಯಾವ ಕಡ್ಡಿಯೂ ಅಂಗೈಯಿಂದ ಮೊಣಕೈಗಿಂತ ಉದ್ದ ಇಲ್ಲವೆಂದರೆ ಅದು ಯುಎಚ್‌ಎಫ್‌ಗೆ ಮಾತ್ರ, ಡಬ್ಬದ ಮೇಲೆ ಏನೇ ಬರೆದಿರಲಿ.

ಪ್ರಶ್ನೆ: ಚಿತ್ರ ಒಡೆಯುತ್ತಿತ್ತು ಎಂದು ಬೂಸ್ಟರ್ ಹಾಕಿಸಿದೆ. ಈಗ ಮೊದಲು ಬರುತ್ತಿದ್ದ ಚಾನೆಲ್‌ಗಳೂ ಮಾಯ. ನಾಲ್ಕು ಕೋಣೆಗೂ ಒಂದೇ ಆಂಟೆನಾದಿಂದ ಲೈನ್ ಇದೆ.

ಉತ್ತರ: ಬೂಸ್ಟರ್ ಸಿಗ್ನಲ್ ಹುಟ್ಟಿಸುವುದಿಲ್ಲ. ಆಂಟೆನಾಗೆ ಸಿಕ್ಕಿದ್ದು ಕೇಬಲ್‌ನಲ್ಲಿ, ಲೈನನ್ನು ಹಲವು ಟಿವಿಗಳಿಗೆ ಹಂಚುವ ಸ್ಪ್ಲಿಟರ್‌ನಲ್ಲಿ ಸೋರಿ ಗದ್ದಲದಲ್ಲಿ (ನಾಯ್ಸ್) ಮುಳುಗದಂತೆ ಕಾಯುವುದಷ್ಟೇ ಅದರ ಕೆಲಸ. ನಿಮ್ಮ ಲೈನ್‌ನ ಲೆಕ್ಕವನ್ನೇ ನೋಡೋಣ. 30 ಮೀಟರ್ ಆರ್‌ಜಿ-6 ಕೇಬಲ್ ಯುಎಚ್‌ಎಫ್‌ನಲ್ಲಿ ಸುಮಾರು 6 ಡೆಸಿಬೆಲ್ (ಸಿಗ್ನಲ್‌ನ ಏರಿಳಿತ ಅಳೆಯುವ ಮಾನ) ತಿನ್ನುತ್ತದೆ, ನಾಲ್ಕು ದಾರಿಯ ಸ್ಪ್ಲಿಟರ್ ಇನ್ನೊಂದು 7–8. ಟಿವಿ ಟ್ಯೂನರ್‌ನ ಸ್ವಂತ ಗದ್ದಲ 6 ಎಂದು ಹಿಡಿದರೆ ಒಟ್ಟು 20 ಡೆಸಿಬೆಲ್‌ನಷ್ಟು ಹೊರೆ. ಗದ್ದಲದ ಅಂಕ (ತಾನೇ ಸೇರಿಸುವ ಗದ್ದಲ) 2, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) 20 ಡೆಸಿಬೆಲ್ ಇರುವ ಬೂಸ್ಟರನ್ನು ಕಂಬದ ಮೇಲೆ, ಆಂಟೆನಾದ ಪಕ್ಕದಲ್ಲೇ ಕೂರಿಸಿದರೆ ಈ ಹೊರೆ ಸುಮಾರು 4ಕ್ಕೆ ಇಳಿಯುತ್ತದೆ. ಅದೇ ಬೂಸ್ಟರನ್ನು ಟಿವಿಯ ಹಿಂದೆ ಇಟ್ಟರೆ ಹೊರೆ 16ರ ಹತ್ತಿರವೇ ನಿಲ್ಲುತ್ತದೆ, ಏಕೆಂದರೆ ನಷ್ಟ ಆಗಲೇ ಆಗಿಹೋಗಿದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಬೂಸ್ಟರ್ ಎಲ್ಲಿದೆ ಎಂಬುದನ್ನು.

ಎಲ್ಲವೂ ಮಾಯವಾಗಲು ಎರಡು ಕಾರಣ ಸಾಮಾನ್ಯ. ಮೊದಲನೆಯದು, ಬೂಸ್ಟರ್‌ಗೆ ಕರೆಂಟೇ ಹೋಗುತ್ತಿಲ್ಲ. ಕಂಬದ ಬೂಸ್ಟರ್‌ಗೆ ಡಿಸಿ ವೋಲ್ಟೇಜ್ ಅದೇ ಕೇಬಲ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಆ ವೋಲ್ಟೇಜನ್ನು ಕೇಬಲ್‌ಗೆ ಸೇರಿಸುವ ಪವರ್ ಇನ್ಸರ್ಟರ್ ಸ್ಪ್ಲಿಟರ್‌ನ ಆಚೆ, ಟಿವಿ ಕಡೆ ಇದ್ದರೆ ಸಾಧಾರಣ ಸ್ಪ್ಲಿಟರ್ ಆ ಡಿಸಿಯನ್ನು ತಡೆಯುತ್ತದೆ. ಇನ್ಸರ್ಟರನ್ನು ಸ್ಪ್ಲಿಟರ್‌ಗಿಂತ ಮೊದಲು, ಆಂಟೆನಾ ಕಡೆಗೆ ಸೇರಿಸಿ. ಇಲ್ಲವೇ ಪವರ್ ಪಾಸ್ ಗುರುತು ಇರುವ ಸ್ಪ್ಲಿಟರ್ ತಂದು ಆ ಗುರುತಿನ ಬಾಯಿಗೇ ಜೋಡಿಸಿ. ಮೇಲಿನ ತುದಿ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ನಡುತಂತಿ ಮತ್ತು ಹೊರ ಕವಚದ ನಡುವೆ ಅಡಾಪ್ಟರ್‌ನಲ್ಲಿ ಬರೆದಷ್ಟು ವೋಲ್ಟೇಜ್ ಕಾಣಬೇಕು.

ಎರಡನೆಯದು ಓವರ್‌ಲೋಡ್. ಹತ್ತಿರದಲ್ಲಿ ಎಫ್‌ಎಂ ಕೇಂದ್ರ, ಮೊಬೈಲ್ ಟವರ್ ಅಥವಾ ಇನ್ನೊಂದು ಟಿವಿ ಟವರ್ ಇದ್ದರೆ ಆ ಬಲವಾದ ಸಿಗ್ನಲ್ ಬೂಸ್ಟರನ್ನು ಉಸಿರುಗಟ್ಟಿಸುತ್ತದೆ. ದುರ್ಬಲ ಚಾನೆಲ್‌ಗಳು ಅದರ ಗದ್ದಲದಲ್ಲೇ ಹುದುಗಿಹೋಗುತ್ತವೆ. ಮೊಬೈಲ್ ಸಿಗ್ನಲ್ ತಡೆಯುವ ಎಲ್‌ಟಿಇ ಫಿಲ್ಟರ್ ಅಥವಾ ಎಫ್‌ಎಂ ತಡೆಯುವ ಎಫ್‌ಎಂ ಟ್ರ್ಯಾಪನ್ನು ಬೂಸ್ಟರ್‌ಗಿಂತ ಮೊದಲು ಹಾಕಬೇಕು, ನಂತರ ಹಾಕಿ ಪ್ರಯೋಜನವಿಲ್ಲ. ಗೇನ್ ಕಡಿಮೆ ಇರುವ ಬೂಸ್ಟರ್ ಹಾಕಿದರೂ ಸರಿ. 30 ಡೆಸಿಬೆಲ್‌ಗಿಂತ 15 ಡೆಸಿಬೆಲ್‌ನದು ಎಷ್ಟೋ ಮನೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಮೊಬೈಲ್‌ನ ದಿಕ್ಸೂಚಿ ಇಟ್ಟುಕೊಂಡು ಆಂಟೆನಾ ತಿರುಗಿಸಿದೆ. ಸಿಗ್ನಲ್ ಮೀಟರ್ 80 ತೋರಿಸುತ್ತದೆ, ಆದರೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಉತ್ತರ: ನೀವು ನೋಡಿದ್ದು ಸ್ಟ್ರೆಂತ್ ಇರಬೇಕು, ನೋಡಬೇಕಾದ್ದು ಕ್ವಾಲಿಟಿ. ಸ್ಟ್ರೆಂತ್‌ನಲ್ಲಿ ಗದ್ದಲವೂ ಸೇರಿರುತ್ತದೆ. ಡಿಜಿಟಲ್ ಪ್ರಸಾರದಲ್ಲಿ ಹಳೆಯ ಟಿವಿಯಂತೆ ಚಿತ್ರ ನಿಧಾನವಾಗಿ ಮಂಕಾಗುವುದಿಲ್ಲ: ಎಟಿಎಸ್‌ಸಿ 1.0 (ಅಮೆರಿಕ ಮುಂತಾದೆಡೆಯ ಡಿಜಿಟಲ್ ಟಿವಿ) ಪದ್ಧತಿಯಲ್ಲಿ ಸಿಗ್ನಲ್ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿದ್ದರೆ ಚಿತ್ರ ಸ್ವಚ್ಛ, ಅದಕ್ಕಿಂತ ಒಂದೆರಡು ಇಳಿದರೆ ಚಿತ್ರವೇ ಇಲ್ಲ. ನೀವು ಆ ಅಂಚಿನಲ್ಲಿದ್ದೀರಿ.

ದಿಕ್ಸೂಚಿ ಸಾಮಾನ್ಯವಾಗಿ ತೋರಿಸುವುದು ಕಾಂತೀಯ ಉತ್ತರ, ನಕ್ಷೆಯ ಉತ್ತರವಲ್ಲ. ಕೆಲವು ಪ್ರದೇಶಗಳಲ್ಲಿ ಇವೆರಡಕ್ಕೂ 10 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದೆ. ಮೇಲಾಗಿ ಕಬ್ಬಿಣದ ಕಂಬದ ಪಕ್ಕ ಮುಳ್ಳು ಸುಳ್ಳು ಹೇಳುತ್ತದೆ. ಉದ್ದದ ಯಾಗಿ ಆಂಟೆನಾದ ನೋಟ ಸುಮಾರು 30 ಡಿಗ್ರಿ ಅಗಲದ್ದು, ಆದ್ದರಿಂದ ಹತ್ತು ಹದಿನೈದು ಡಿಗ್ರಿ ತಪ್ಪಿದರೂ ಅಂಚಿನಲ್ಲಿರುವ ಚಾನೆಲ್ ಹೋಗುತ್ತದೆ. ನಕ್ಷೆಯಲ್ಲಿ ಮನೆಯಿಂದ ಟವರ್‌ಗೆ ಗೆರೆ ಎಳೆದು, ಆ ಗೆರೆ ದಾಟುವ ಯಾವುದಾದರೂ ಕಟ್ಟಡವನ್ನು ಗುರಿ ಇಟ್ಟುಕೊಳ್ಳಿ. ಎಲ್ಲಕ್ಕಿಂತ ದುರ್ಬಲವಾದ ಚಾನೆಲ್ ಹಾಕಿ, ಐದು ಡಿಗ್ರಿ ತಿರುಗಿಸಿ, ಕೈಬಿಟ್ಟು ಹತ್ತು ಸೆಕೆಂಡ್ ಕಾಯಿರಿ. ಮೀಟರ್ ತಡವಾಗಿ ಪ್ರತಿಕ್ರಿಯಿಸುತ್ತದೆ, ಆತುರಪಟ್ಟರೆ ಸರಿಯಾದ ಜಾಗ ದಾಟಿಹೋಗುತ್ತದೆ.

ಇನ್ನೊಂದು: ಪ್ರಸಾರದ ಅಲೆ ಆಡುವ ದಿಕ್ಕು, ಅಂದರೆ ಧ್ರುವೀಕರಣ, ಅಡ್ಡವೋ ಲಂಬವೋ ವಿಚಾರಿಸಿ. ಲಂಬ ಪ್ರಸಾರಕ್ಕೆ ಕಡ್ಡಿಗಳು ನೆಟ್ಟಗೆ ನಿಲ್ಲಬೇಕು. ಇದು ತಪ್ಪಿದರೆ 20 ಡೆಸಿಬೆಲ್‌ವರೆಗೂ ನಷ್ಟ, ಯಾವ ಬೂಸ್ಟರೂ ಅದನ್ನು ತುಂಬಿಕೊಡದು.

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಒಂದೊಂದೇ ಚಾನೆಲ್ ಕಾಣೆಯಾಗುತ್ತಿದೆ. ಆಂಟೆನಾ ಅಲುಗಿಲ್ಲ.

ಉತ್ತರ: ಮೇಲಿನ ಫ್ರೀಕ್ವೆನ್ಸಿಯ ಚಾನೆಲ್‌ಗಳು ಮೊದಲು ಹೋಗಿದ್ದರೆ ಕೇಬಲ್‌ಗೆ ನೀರು ಇಳಿದಿರುವ ಸಾಧ್ಯತೆ ಹೆಚ್ಚು. ಕೇಬಲ್‌ನ ಸಿಪ್ಪೆಯೊಳಗಿನ ಹೆಣೆದ ಲೋಹದ ಜಾಲರಿ ಬತ್ತಿಯ ಹಾಗೆ ನೀರು ಎಳೆದುಕೊಳ್ಳುತ್ತದೆ. ಕಂಬದ ಮೇಲಿನ ಕನೆಕ್ಟರ್ ಬಿಚ್ಚಿ, ತುದಿಯಿಂದ ಒಂದಡಿ ಕತ್ತರಿಸಿ ನೋಡಿ. ಜಾಲರಿ ಮಾಸಿ ಕಪ್ಪಾಗಿದ್ದರೆ ಹೊಳೆಯುವ ಲೋಹ ಸಿಗುವವರೆಗೂ ಕತ್ತರಿಸಿ. ಎಲ್ಲೂ ಸಿಗದಿದ್ದರೆ ಇಡೀ ಕೇಬಲ್ ಬದಲಿಸಿ.

ಹೊಸ ಎಫ್ ಕನೆಕ್ಟರ್ ಕಂಪ್ರೆಷನ್ (ಉಪಕರಣದಿಂದ ಒತ್ತಿ ಕೂರಿಸುವ) ಬಗೆಯದೇ ಇರಲಿ, ತಿರುಪಿನದು ಬೇಡ. ಜಾಲರಿಯನ್ನು ಹಿಂದಕ್ಕೆ ಮಡಚಿ, ಒಳಗಿನ ಬಿಳಿ ಫೋಮ್ ಕನೆಕ್ಟರ್‌ನ ಒಳತಳಕ್ಕೆ ಸಮನಾಗಿ ಬರುವವರೆಗೆ ತಳ್ಳಿ. ನಡುತಂತಿ ಕನೆಕ್ಟರ್‌ನ ಅಂಚಿನಿಂದ ಸುಮಾರು 3 ಮಿ.ಮೀ. ಹೊರಗಿರಲಿ. ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ, ಇನ್ಸರ್ಟರ್‌ನ ದೀಪ ಆರುತ್ತದೆ. ಮೇಲೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ, ಆಗ ಪದರಗಳ ಮೇಲೆ ನೀರು ಜಾರಿಹೋಗುತ್ತದೆ. ಕೇಬಲ್ ಮನೆಯೊಳಗೆ ನುಗ್ಗುವ ಮುನ್ನ ಕೆಳಕ್ಕೊಂದು ಬಾಗು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ದೋಷ ಆಂಟೆನಾದ್ದೋ ಲೈನ್‌ನದ್ದೋ ಗೊತ್ತಾಗದಿದ್ದರೆ ಒಂದು ಸಣ್ಣ ಟಿವಿಯನ್ನು ತಾರಸಿಗೆ ಒಯ್ದು, ಎರಡು ಮೀಟರ್ ಹೊಸ ಕೇಬಲ್‌ನಿಂದ ನೇರ ಆಂಟೆನಾಗೆ ಜೋಡಿಸಿ. ಅಲ್ಲಿ ಚಿತ್ರ ಬಂದರೆ ತಪ್ಪು ಕೆಳಗೆ ಎಲ್ಲೋ ಇದೆ.

ಪ್ರಶ್ನೆ: ಎರಡು ದಿಕ್ಕಿನ ಟವರ್‌ಗಳಿಗೆ ಎರಡು ಆಂಟೆನಾ ಹಾಕಿ ಸ್ಪ್ಲಿಟರ್ ತಿರುವುಮುರುವಾಗಿ ಜೋಡಿಸಬಹುದೇ?

ಉತ್ತರ: ಒಂದು ವಿಎಚ್‌ಎಫ್, ಇನ್ನೊಂದು ಯುಎಚ್‌ಎಫ್ ಆದರೆ ಸ್ಪ್ಲಿಟರ್ ಬದಲು ಎರಡು ಪಟ್ಟಿಗಳನ್ನು ಒಂದೇ ಕೇಬಲ್‌ಗೆ ಸೇರಿಸುವ ಡೈಪ್ಲೆಕ್ಸರ್ ಹಾಕಿ, ನಷ್ಟ ತೀರಾ ಕಡಿಮೆ. ಎರಡೂ ಯುಎಚ್‌ಎಫ್ ಆದರೆ ಒಂದೇ ಚಾನೆಲ್ ಎರಡೂ ಆಂಟೆನಾದಿಂದ ಬೇರೆ ಬೇರೆ ಹೊತ್ತಿಗೆ ಬಂದು ಕಿತ್ತಾಡುತ್ತದೆ. ಸ್ವಿಚ್ ಅಥವಾ ಆಂಟೆನಾ ತಿರುಗಿಸುವ ರೋಟರ್ ವಾಸಿ.

ಪ್ರಶ್ನೆ: ಕೆಲವು ದಿನ ಬೆಳಗಿನ ಜಾವ ಎಲ್ಲೋ ದೂರದ ಚಾನೆಲ್ ಬಂದು, ನಮ್ಮದೇ ಚಾನೆಲ್ ಹೋಗುತ್ತದೆ. ಏಕೆ?

ಉತ್ತರ: ನೆಲದ ಹತ್ತಿರ ತಂಪು, ಅದರ ಮೇಲೆ ಬಿಸಿ ಗಾಳಿಯ ಪದರ ಕುಳಿತಾಗ ಅಲೆಗಳು ಅದರೊಳಗೇ ಬಾಗುತ್ತಾ ನೂರಾರು ಕಿ.ಮೀ. ಸಾಗುತ್ತವೆ. ಅದೇ ಫ್ರೀಕ್ವೆನ್ಸಿಯ ದೂರದ ಕೇಂದ್ರ ನಿಮ್ಮ ಕೇಂದ್ರಕ್ಕೆ ಅಡ್ಡ ಬರುತ್ತದೆ. ಬಿಸಿಲೇರಿದರೆ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಮಾತ್ರ ಹೊಸದಾಗಿ ಸ್ಕ್ಯಾನ್ ಮಾಡಬೇಡಿ, ಇದ್ದ ಪಟ್ಟಿಯೂ ಅಳಿಸಿಹೋದೀತು. ಆಂಟೆನಾ ತಿರುಗಿಸಲೂ ಹೋಗಬೇಡಿ.

ಪ್ರಶ್ನೆ: ಸಿಡಿಲಿಗೆ ಏನು ಮಾಡಬೇಕು?

ಉತ್ತರ: ಕಂಬಕ್ಕೆ ಅರ್ತ್ ತಂತಿ, ಕೇಬಲ್ ಮನೆಯೊಳಗೆ ಬರುವಲ್ಲಿ ಗ್ರೌಂಡ್ ಬ್ಲಾಕ್ (ಕೇಬಲ್‌ನ ಹೊರ ಕವಚವನ್ನು ಅರ್ತ್‌ಗೆ ಜೋಡಿಸುವ ತುಂಡು), ಎರಡೂ ಮನೆಯ ಮುಖ್ಯ ಅರ್ತಿಂಗ್‌ಗೇ ಸೇರಬೇಕು. ಪ್ರತ್ಯೇಕ ಗುಂಡಿ ತೋಡಿ ಅದನ್ನು ಮುಖ್ಯ ಅರ್ತಿಂಗ್‌ಗೆ ಜೋಡಿಸದೆ ಬಿಟ್ಟರೆ ಎರಡರ ನಡುವಿನ ವೋಲ್ಟೇಜ್ ನಿಮ್ಮ ಟಿವಿಯ ಮೂಲಕವೇ ಹರಿಯುತ್ತದೆ. ತಂತಿ ಆದಷ್ಟು ನೇರವಾಗಿರಲಿ, ಚೂಪು ತಿರುವು ಬೇಡ. ಇದು ನೇರ ಸಿಡಿಲನ್ನು ತಡೆಯುವುದಿಲ್ಲ. ಹತ್ತಿರದ ಸಿಡಿಲಿನಿಂದ, ಗಾಳಿಯಿಂದ ಕಂಬದಲ್ಲಿ ಕೂಡುವ ವಿದ್ಯುತ್ತನ್ನು ಇಳಿಸುತ್ತದೆ. ಗುಡುಗು ಶುರುವಾಗುವ ಮೊದಲೇ ಕೇಬಲ್ ಬಿಚ್ಚಿಡಿ. ಕಂಬ ನಿಲ್ಲಿಸುವಾಗ ವಿದ್ಯುತ್ ಲೈನ್‌ನಿಂದ ಕಂಬ ಮತ್ತು ಆಂಟೆನಾದ ಒಟ್ಟು ಉದ್ದದ ಎರಡರಷ್ಟಾದರೂ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ಅಲ್ಲಿ ಕಂಬ ನಿಲ್ಲಿಸಲೇಬೇಡಿ.