ಬಿಲ್ಲಿಗೆ ಸಾಕ್ಷಿ ಯಾರು?

ತಾವು ವಾಣಿಜ್ಯ ಪದವಿಯ ವಿದ್ಯಾರ್ಥಿ ಎಂದು ಬರೆದು, ವ್ಯಾಪಾರದ ಬಿಲ್ಲು ಪ್ರಾಚೀನ ಲೆಕ್ಕಪತ್ರಗಳಿಂದ ಇಂದಿನ ಇ-ಇನ್‌ವಾಯ್ಸ್‌ವರೆಗೆ ಹೇಗೆ ಬೆಳೆಯಿತು, ಅದರಲ್ಲಿ ನಿಜವಾಗಿ ಬದಲಾದದ್ದೇನು ಎಂದು ಕೇಳಿದ್ದೀರಿ. ಕಲಬುರಗಿಯ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಗಳಿಗೂ ದಾಲ್ ಮಿಲ್ಲುಗಳಿಗೂ ಲೆಕ್ಕ ಬರೆಯುವುದು ನನ್ನ ವೃತ್ತಿ. ಅಲ್ಲಿಂದ ಕಾಣುವಂತೆ ಉತ್ತರಿಸುತ್ತೇನೆ. ಮಾರಿದವರು ಯಾರು, ಕೊಂಡವರು ಯಾರು, ಯಾವ ಮಾಲು, ಎಷ್ಟು ತೂಕ, ಏನು ದರ, ಯಾವ ದಿನ ಎಂಬ ವಿವರಗಳು ಸಾವಿರಾರು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಿಲ್ಲ. ಬರೆದದ್ದು ನಿಜವೆಂದು ಹೇಳುವ ಸಾಕ್ಷಿ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಬಿಲ್ಲಿನ ಚರಿತ್ರೆಯನ್ನು ಈ ಸಾಕ್ಷಿಯ ಚರಿತ್ರೆಯಾಗಿ ಓದಿದರೆ ಅದು ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂದಿನ ಇರಾಕಿನ ದಕ್ಷಿಣದಲ್ಲಿದ್ದ ಉರುಕ್ ಪಟ್ಟಣದ ಜನರು ಕ್ರಿ.ಪೂ. 3300ರ ಸುಮಾರಿಗೇ ಹಸಿ ಮಣ್ಣಿನ ಫಲಕಗಳ ಮೇಲೆ ಬಾರ್ಲಿ ಮತ್ತು ಕುರಿಗಳ ಲೆಕ್ಕವನ್ನು ಗುರುತು ಮಾಡಿಡುತ್ತಿದ್ದರು. ಆದರೆ ನನ್ನಂಥ ಲೆಕ್ಕಿಗನ ಮನಸ್ಸನ್ನು ಹೆಚ್ಚು ಹಿಡಿಯುವುದು ಮುಂದೆ ಆ ನಾಡಿನಲ್ಲಿ ಬಳಕೆಗೆ ಬಂದ ಮಣ್ಣಿನ ಲಕೋಟೆ. ಒಪ್ಪಂದವನ್ನು ಬರೆದ ಫಲಕವನ್ನು ತೆಳುವಾದ ಮಣ್ಣಿನ ಪದರದಲ್ಲಿ ಸುತ್ತಿ, ಒಳಗಿನ ಬರಹವನ್ನೇ ಹೊರಗೂ ಬರೆದು, ಅದರ ಮೇಲೆ ಸಾಕ್ಷಿಗಳ ಮುದ್ರೆಯನ್ನು ಉರುಳಿಸುತ್ತಿದ್ದರು. ಹೊರಗಿನ ಬರಹವನ್ನು ಯಾರಾದರೂ ತಿದ್ದಿದ್ದಾರೆಂಬ ತಕರಾರು ಬಂದರೆ ಲಕೋಟೆಯನ್ನು ಒಡೆದು, ಯಾರ ಕೈಯೂ ತಾಗದ ಒಳಗಿನ ಪ್ರತಿಯೊಂದಿಗೆ ತಾಳೆ ನೋಡಬಹುದಾಗಿತ್ತು. ತಿದ್ದಲಾಗದ ಎರಡನೆಯ ಪ್ರತಿಯೊಂದು ಇರಬೇಕೆಂಬ ಕಲ್ಪನೆ ಇಷ್ಟು ಹಳೆಯದು.

ನಮ್ಮ ನಾಡಿನ ವ್ಯಾಪಾರಿಗಳು ಬಹುಕಾಲ ಬಳಸಿದ್ದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಈ ಪುಸ್ತಕ ದಿನನಿತ್ಯದ ಲೆಕ್ಕಕ್ಕೆ ಅನುಕೂಲವಾಗಿತ್ತು. ಒರೆಸಿ ಮತ್ತೆ ಬರೆಯಬಹುದಾಗಿದ್ದುದೇ ಅದರ ಗುಣವೂ ದೋಷವೂ ಆಗಿತ್ತು. ಶಾಶ್ವತವಾಗಿ ಉಳಿಯಬೇಕಾದದ್ದನ್ನು ಕಲ್ಲಿಗೆ ಒಪ್ಪಿಸುತ್ತಿದ್ದರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಮಾಲಿನ ಹೇರಿಗೆ (ಒಂದು ಹೊರೆಗೆ) ಇಷ್ಟೆಂದು ದೇವಾಲಯಕ್ಕೆ ಬಿಟ್ಟುಕೊಟ್ಟ ಆಯವನ್ನು, ಅಂದರೆ ಆದಾಯವನ್ನು, ಶಾಸನಗಳಲ್ಲಿ ಇಂದಿಗೂ ಓದಬಹುದು. ಅಲ್ಲಿ ಸಾಕ್ಷಿಯಾಗಿ ನಿಂತದ್ದು ಇಡೀ ಊರು.

ಕಲಬುರಗಿ, ಬೀದರ್, ಯಾದಗಿರಿಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ ಇಲ್ಲಿಯ ಬಿಲ್ಲಿಗೆ ಇನ್ನೊಂದು ತೊಡಕಿತ್ತು. ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ ರೂಪಾಯಿಯೇ ಬೇರೆ, ಬ್ರಿಟಿಷ್ ಇಂಡಿಯಾದ ಕಲ್ದಾರ್ ರೂಪಾಯಿಯೇ ಬೇರೆ. 7 ಹಾಲಿಗೆ 6 ಕಲ್ದಾರ್ ಎಂಬ ಲೆಕ್ಕ ನಡೆಯುತ್ತಿತ್ತು. ಸೊಲ್ಲಾಪುರ, ಮುಂಬಯಿ ಕಡೆಗೆ ಮಾಲು ಕಳಿಸುವವರು ಮೊತ್ತದ ಜೊತೆಗೆ ಅದು ಯಾವ ರೂಪಾಯಿ ಎಂಬುದನ್ನೂ ಸ್ಪಷ್ಟಪಡಿಸದೆ ವ್ಯವಹಾರ ಮುಗಿಯುವಂತಿರಲಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ಆಣೆ, ಪೈಗಳು ಹೋದವು. ಅದರ ಹಿಂದೆಯೇ ಮೆಟ್ರಿಕ್ ತೂಕ ಬಂದು ಸೇರು, ಮಣಗಳು ಕಾಗದದಿಂದ ಮರೆಯಾದವು.

ಆ ಕಾಲದ ಅಂಗಡಿಯ ಜೀವಾಳ ಕಿರ್ದಿ, ಅಂದರೆ ದಿನದಿನದ ಲೆಕ್ಕದ ಪುಸ್ತಕ, ಮತ್ತು ಖಾತೆ ಪುಸ್ತಕ. ಜಮಾ, ಖರ್ಚು, ಶಿಲ್ಕು, ಉದ್ರಿ ಎಲ್ಲವೂ ಮಾಲೀಕನ ಗುಮಾಸ್ತನ ಕೈಬರಹದಲ್ಲೇ ಇರುತ್ತಿದ್ದವು. ಸಾಲ ಮಾಡಿದ ರೈತನ ಬಳಿ ಅದರ ಪ್ರತಿ ಇರುತ್ತಿರಲಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮು ಈ ಅಸಮತೆಯನ್ನು ಬಲ್ಲದ್ದಾಗಿತ್ತು: ಕ್ರಮಬದ್ಧವಾಗಿ ಬರೆದ ಲೆಕ್ಕದ ಪುಸ್ತಕವನ್ನು ನ್ಯಾಯಾಲಯ ಪರಿಗಣಿಸಬಹುದು, ಆದರೆ ಅದೊಂದರ ಬಲದಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು ಅದು ಹೇಳಿತು. ಲೆಕ್ಕಶಾಸ್ತ್ರದ ವಿದ್ಯಾರ್ಥಿಗಳು ಈ ಒಂದು ಕಲಮನ್ನು ತಪ್ಪದೆ ಓದಬೇಕು.

ಯುರೋಪಿನಲ್ಲಿ 1494ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ಮುದ್ರಿಸಿದ, ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿಯ ವಿವರಣೆ, 1806ರಲ್ಲಿ ರಾಲ್ಫ್ ವೆಜ್‌ವುಡ್ ಪೇಟೆಂಟ್ ಪಡೆದ ಕಾರ್ಬನ್ ಕಾಗದ, 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ, ಇವೆಲ್ಲವೂ ಪ್ರತಿ ತೆಗೆಯುವುದನ್ನೂ ಕೂಡುವುದನ್ನೂ ಸುಲಭ ಮಾಡಿದವು. ಆದರೂ ಪ್ರತಿಗಳೆಲ್ಲ ವ್ಯಾಪಾರಿಗಳ ಕೈಯಲ್ಲೇ ಉಳಿದವು. ನನ್ನ ಎಣಿಕೆಯಲ್ಲಿ ದೊಡ್ಡ ತಿರುವು ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಜಾರಿಯಾದ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್. ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗ ಕಳೆದುಕೊಳ್ಳಬೇಕಾದರೆ ಮಾರಿದವನ ಬಿಲ್ಲು ಸರಿಯಾಗಿರಬೇಕು. ಹೀಗೆ ಕೊಂಡವನೇ ಬಿಲ್ಲಿನ ಕಾವಲುಗಾರನಾದ. 2017ರ ಜುಲೈ 1ರಂದು ಬಂದ ಜಿಎಸ್‌ಟಿ ಇದನ್ನು ದೇಶಕ್ಕೆಲ್ಲ ಹಬ್ಬಿಸಿತು.

ಇ-ಇನ್‌ವಾಯ್ಸ್ ಇದರ ಮುಂದಿನ ಮೆಟ್ಟಿಲು. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನವರಿಂದ ಆರಂಭವಾಗಿ, 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿ ಮೀರಿದವರವರೆಗೂ ಇಳಿಯಿತು. ಬಿಲ್ಲನ್ನು ಪಿಡಿಎಫ್ ಮಾಡಿ ಕಳಿಸಿದರೆ ಅದು ಇ-ಇನ್‌ವಾಯ್ಸ್ ಎಂದು ಅನೇಕರು ತಿಳಿದಿದ್ದಾರೆ, ಅದು ಸರಿಯಲ್ಲ. ನಾವು ನಮ್ಮ ತಂತ್ರಾಂಶದಲ್ಲಿ ಸಿದ್ಧಪಡಿಸಿದ ವಿವರಗಳು ಸರ್ಕಾರದ ನೋಂದಣಿ ಪೋರ್ಟಲ್‌ಗೆ ಹೋಗುತ್ತವೆ. ಮಾರಾಟಗಾರನ ಜಿಎಸ್‌ಟಿ ಸಂಖ್ಯೆ, ದಾಖಲೆಯ ಬಗೆ, ಅದರ ಸಂಖ್ಯೆ, ಆರ್ಥಿಕ ವರ್ಷ ಇವುಗಳಿಂದ 64 ಅಕ್ಷರಗಳ ಗುರುತು ಸಂಖ್ಯೆಯೊಂದು ಮೂಡುತ್ತದೆ, ಪೋರ್ಟಲ್ ಡಿಜಿಟಲ್ ಸಹಿ ಹಾಕಿ ಕ್ಯೂಆರ್ ಕೋಡ್ ಸಮೇತ ಮರಳಿಸುತ್ತದೆ. ಆಮೇಲೆ ಅಲ್ಲಿ ತಿದ್ದುಪಡಿಗೆ ಅವಕಾಶವಿಲ್ಲ. 24 ಗಂಟೆಯೊಳಗೆ ರದ್ದು ಮಾಡಬಹುದು ಅಷ್ಟೆ. ಈ ನೋಂದಣಿಗೆ ಒಳಪಟ್ಟ ವ್ಯಾಪಾರಿ ಆ ಸಂಖ್ಯೆಯಿಲ್ಲದೆ ಕೊಟ್ಟ ಬಿಲ್ಲನ್ನು ನಿಯಮವು ಬಿಲ್ಲೆಂದೇ ಒಪ್ಪುವುದಿಲ್ಲ. ಮಣ್ಣಿನ ಲಕೋಟೆಯ ಒಳಪ್ರತಿಯ ಕೆಲಸವನ್ನು ಈಗ ಪೋರ್ಟಲ್ ಮಾಡುತ್ತಿದೆ.

ಆದರೆ ಈ ವ್ಯವಸ್ಥೆ ನಮ್ಮ ತೊಗರಿಯ ಎಲ್ಲ ವ್ಯವಹಾರವನ್ನೂ ಮುಟ್ಟುವುದಿಲ್ಲ. ಮಿಲ್ಲು ಲೇಬಲ್ ಹಚ್ಚಿ 25 ಕಿಲೋ ಮೀರದ ಚೀಲದಲ್ಲಿ ಮಾರುವ ಬೇಳೆ 2022ರ ಜುಲೈ 18ರಿಂದ ಶೇ 5ರ ತೆರಿಗೆಗೆ ಒಳಪಟ್ಟಿತು. ಆದರೆ ರೈತ ಗಂಜಿಗೆ ತರುವ ತೊಗರಿಗೆ ಇ-ಇನ್‌ವಾಯ್ಸ್ ಇಲ್ಲ. ಅವನಿಗೆ ಸಿಗಬೇಕಾದ ದಾಖಲೆ ಅಡತಿಯವರು ಕೊಡುವ ಲೆಕ್ಕ ತೀರುವಳಿ ಪಟ್ಟಿ. ಅದರ ಬದಲು ಅಂಗಡಿಯ ಹೆಸರೂ ಇಲ್ಲದ ಬಿಳಿ ಚೀಟಿಯ ಮೇಲೆ ಮೊತ್ತ ಗೀಚಿ ಕೊಡುವ ರೂಢಿ ಇನ್ನೂ ಅಳಿದಿಲ್ಲ. ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕೇ ಹೊರತು ರೈತನಿಂದಲ್ಲ ಎಂಬ ನಿಯಮವಿದ್ದರೂ, ಬಿಳಿ ಚೀಟಿಯಲ್ಲಿ ಏನನ್ನು ಹಿಡಿದುಕೊಂಡರೆಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಇದು ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ. ಪರಿಹಾರ ಇಲ್ಲವೆಂದಲ್ಲ: 2014ರಲ್ಲಿ ಕರ್ನಾಟಕ ಆರಂಭಿಸಿದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಮಾಲು ಗೇಟಿನಲ್ಲಿ ನಮೂದಾಗಿ, ಆ ರಾಶಿಯ ಗುರುತಾಗಿ ಲಾಟ್ ಸಂಖ್ಯೆ ಪಡೆದು, ಆನ್‌ಲೈನ್ ಟೆಂಡರಿನಲ್ಲಿ ದರ ನಿಗದಿಯಾದರೆ ಅಂಗಡಿಯ ಹೊರಗೂ ಒಂದು ದಾಖಲೆ ಉಳಿಯುತ್ತದೆ.

ತಾವು ಈ ವಿಷಯದ ಮೇಲೆ ಪ್ರಬಂಧ ಬರೆಯುವುದಾದರೆ ಇ-ಇನ್‌ವಾಯ್ಸ್‌ನ ಮಾದರಿಯ ಜೊತೆಗೆ ಲೆಕ್ಕ ತೀರುವಳಿ ಪಟ್ಟಿಯೊಂದನ್ನೂ ಸಂಗ್ರಹಿಸಿ, ತೂಕ, ದರ, ಹಮಾಲಿ, ಕಡಿತಗಳ ಸಾಲುಗಳನ್ನು ಲಾಟಿನ ಆನ್‌ಲೈನ್ ದಾಖಲೆಯೊಂದಿಗೆ ಹೋಲಿಸಿ ನೋಡಬೇಕೆಂದು ಕೋರುತ್ತೇನೆ.