ಮಾಸ್ತರರನ್ನು ಕೇಳಿ: ಎರಡು ಹೊಳೆ ಇದ್ದೂ ಯಾಕೆ ಬರ್ತಾರೆ?

ಪ್ರಶ್ನೆ: ನಮ್ಮ ಸೊಸೈಟಿ ಹಿಂದೆ ಟವರ್ ಏಳುತ್ತಿದೆ. ಕೆಲಸದವರು ಯಾದಗಿರಿ ಜಿಲ್ಲೆಯವರಂತೆ. ನಾವು ಕುಂದಾಪುರದವರು, ಆ ಕಡೆ ಹೋದದ್ದೇ ಇಲ್ಲ. ನಕ್ಷೆ ನೋಡಿದರೆ ಕೃಷ್ಣಾ, ಭೀಮಾ ಎರಡೂ ಅಲ್ಲಿವೆ. ಅಷ್ಟು ನೀರಿದ್ದೂ ಊರು ಬಿಟ್ಟು ಮುಂಬೈಗೆ ಯಾಕೆ ಬರ್ತಾರೆ?
– ಓದುಗರೊಬ್ಬರು, ಭಾಂಡುಪ್

ಉತ್ತರ: ನನ್ನದೂ ಅದೇ ಜಿಲ್ಲೆ, ಶಹಾಪುರ ತಾಲೂಕು. ಉತ್ತರ ಸ್ವಲ್ಪ ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಎರಡು ಹೊಳೆ ಇರೋದು ನಿಜ. ಎರಡೂ ಬರುವುದು ಈ ಮಹಾರಾಷ್ಟ್ರದಿಂದಲೇ. ಕೃಷ್ಣಾ ಹುಟ್ಟುವುದು ಮಹಾಬಳೇಶ್ವರದಲ್ಲಿ, ಭೀಮಾ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಪುಣೆ ಊರೊಳಗಿನ ಮುಳಾ-ಮುಠಾ ಕೂಡ ಭೀಮಾಕ್ಕೇ ಸೇರುತ್ತದೆ. ಆದರೆ ಹೊಳೆ ಇರುವುದು ತಗ್ಗಿನಲ್ಲಿ, ನಮ್ಮ ಹೊಲ ಇರುವುದು ದಿಬ್ಬದ ಮೇಲೆ. ಮಳೆಗಾಲದಲ್ಲಿ ಉಜನಿ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಭೀಮಾ ದಂಡೆಯ ಬೆಳೆ ಮುಳುಗುತ್ತದೆ. ಏಪ್ರಿಲ್‌ನಲ್ಲಿ ಅದೇ ಹೊಳೆಯಲ್ಲಿ ಬಂಡೆ ಎಣಿಸಬಹುದು.

ಇನ್ನು ಮಳೆ. ಕುಂದಾಪುರದವರಿಗೆ ಇದನ್ನು ಹೇಗೆ ಹೇಳಲಿ! ಮುಂಗಾರು ಮೋಡ ಸಹ್ಯಾದ್ರಿಗೆ ಬಡಿದು ಕರಾವಳಿಯಲ್ಲೇ ಮುಕ್ಕಾಲು ಖಾಲಿಯಾಗುತ್ತದೆ. ಘಟ್ಟ ದಾಟಿ, ಸೊಲ್ಲಾಪುರ ದಾಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಉಳಿದದ್ದು ಅಷ್ಟಕ್ಕಷ್ಟೇ. ಮುಂಬೈಗೆ ಜುಲೈ ಒಂದೇ ತಿಂಗಳಲ್ಲಿ ಬೀಳುವಷ್ಟು ಮಳೆ ಅಲ್ಲಿ ಎಷ್ಟೋ ವರ್ಷ ಇಡೀ ವರ್ಷಕ್ಕೂ ಬೀಳುವುದಿಲ್ಲ. ಅದೂ ಹೇಳಿ ಕೇಳಿ ಬರುವುದಿಲ್ಲ. ಬಿತ್ತಿದ ಮೇಲೆ ಮೂರು ವಾರ ಮುಖ ತೋರಿಸುವುದಿಲ್ಲ, ಹೆಸರು ಕಾಯಿ ಬಿಡಿಸುವಾಗ ಸರಿಯಾಗಿ ಹೊಡೆಯುತ್ತದೆ.

ಹಾಗಂತ ಇಡೀ ಜಿಲ್ಲೆ ಒಣ ಅಲ್ಲ. ಕೃಷ್ಣಾಕ್ಕೆ ನಾರಾಯಣಪುರದಲ್ಲಿ ಬಸವಸಾಗರ ಡ್ಯಾಮ್ ಕಟ್ಟಿದ ಮೇಲೆ ಎಡದಂಡೆ ಕಾಲುವೆ ಬಂತು. ಹುಣಸಗಿ, ಸುರಪುರ, ಶಹಾಪುರದ ಕಡೆ ಭತ್ತದ ಗದ್ದೆ ನೋಡಿದರೆ ನೀವು ನಿಮ್ಮೂರೇ ಅಂದುಕೊಳ್ಳಬೇಕು. ಕಾಲುವೆ ಮೇಲ್ಭಾಗದವರಿಗೆ ನೀರು ಸಿಗುತ್ತದೆ, ಟೇಲೆಂಡಿನವರಿಗೆ, ಅಂದರೆ ಕಾಲುವೆಯ ಕೊನೆಯವರಿಗೆ, ಜಗಳ ಸಿಗುತ್ತದೆ. ಗುರುಮಠಕಲ್ ಕಡೆ, ತೆಲಂಗಾಣದ ಗಡಿಗೆ, ಆ ಕಾಲುವೆಯೇ ಇಲ್ಲ. ಅಲ್ಲಿ ಕೆರೆ, ಬೋರು, ಇಲ್ಲದಿದ್ದರೆ ಆಕಾಶ. ಎರಿ, ಅಂದರೆ ಕಪ್ಪು ಮಣ್ಣಿನ, ಹೊಲ ಇದ್ದವರು ತೊಗರಿ, ಹತ್ತಿ ಹಾಕುತ್ತಾರೆ. ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲ ಇದ್ದವರಿಗೆ ಶೇಂಗಾ, ಸಜ್ಜೆ. ಒಣ ಭೂಮಿಯಲ್ಲಿ ಬಹಳ ಕಡೆ ವರ್ಷಕ್ಕೆ ಒಂದೇ ಬೆಳೆ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಗೆ ರಾಶಿ ಆಗುತ್ತದೆ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಜಾತ್ರೆ. ಜಾತ್ರೆ ಮುಗಿಯಿತು ಅಂದರೆ ಹೊಲದಲ್ಲಿ ಕೆಲಸವೂ ಮುಗಿಯಿತು. ಮುಂದಿನ ಬಿತ್ತನೆವರೆಗೆ ಐದು ತಿಂಗಳು ಕೂತು ಉಣ್ಣೋಕೆ ಆಗುತ್ತದಾ? ಗಂಟು ಕಟ್ಟಿ ಹೊರಡುತ್ತಾರೆ. ಇದಕ್ಕೆ ನಮ್ಮಲ್ಲಿ ಗುಳೆ ಅನ್ನುತ್ತಾರೆ.

ನಾನು ಮುಂಬೈಯ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಮಾಸ್ತರರಿಗೆ ಜನಗಣತಿ ಡ್ಯೂಟಿ ತಪ್ಪುತ್ತದಾ? 2011ರ ಫೆಬ್ರವರಿ 9ರಿಂದ 28ರವರೆಗೆ ಫಾರ್ಮಿನ ಚೀಲ ಹೊತ್ತು ಮನೆ ಮನೆ ತಿರುಗಿದೆ. ನನ್ನ ಪಾಲಿಗೆ ಬಂದ ಓಣಿಯ ತುದಿಯಲ್ಲಿ ಕಟ್ಟಡ ಕೆಲಸದವರ ತಗಡಿನ ಜೋಪಡಿಗಳಿದ್ದವು. ಮಾತೃಭಾಷೆ ಕೇಳಿದರೆ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಲಂಬಾಣಿ. ಹುಟ್ಟಿದ ಜಿಲ್ಲೆ ಕೇಳಿದರೆ 'ಗುಲಬರ್ಗಾ' ಅಂದರು. ಪಕ್ಕದ ಹುಡುಗ 'ಈಗ ಯಾದಗಿರಿ ಬ್ಯಾರೆ ಆಗ್ಯಾದ' ಅಂತ ತಿದ್ದಿದ. 2009ರ ಡಿಸೆಂಬರ್ 30ಕ್ಕೆ ಜಿಲ್ಲೆ ಆಗಿತ್ತು, ಜೋಪಡಿಗೆ ಸುದ್ದಿ ಇನ್ನೂ ಅರ್ಧ ಮುಟ್ಟಿತ್ತು. ಒಬ್ಬ ಅವ್ವ ಫಾರ್ಮ್ ನೋಡಿ ಗಾಬರಿಯಾದಳು. "ಇಲ್ಲಿ ಬರಕೊಂಡ್ರ ಊರಾಗ ರೇಷನ್ ಹೋಗ್ತದೇನ್ರಿ ಮಾಸ್ತರ?" ಹೋಗಲ್ಲ ಅಂತ ಎರಡು ಸಲ ಹೇಳಬೇಕಾಯಿತು. ಆಮೇಲೆ ನಮ್ಮೂರ ಹೆಸರು ಹೇಳಿದೆ. ಚಹಾ ಬಂತು.

ಈಗ ಲೆಕ್ಕ ನೋಡಿ. ಆ ಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಹಳ್ಳಿಯವರು. ಅಕ್ಷರ ಬಲ್ಲವರು ಶೇ. 51.83, ರಾಜ್ಯದಲ್ಲೇ ಕಡಿಮೆ. ಮಾಸ್ತರನಾಗಿ ಈ ಅಂಕಿ ನನಗೆ ಈಗಲೂ ಚುಚ್ಚುತ್ತದೆ. ಜನವರಿಯಲ್ಲಿ ಅಪ್ಪ-ಅವ್ವನ ಜೊತೆ ರೈಲು ಹತ್ತಿದ ಮಗು ಪರೀಕ್ಷೆ ಹೊತ್ತಿಗೆ ಮರಳು ಗುಡ್ಡೆ ಮೇಲೆ ಆಡುತ್ತಿರುತ್ತದೆ.

ಇನ್ನೊಂದು ವಿಷಯ. ಗಣತಿಯ ದಿನಗಳಲ್ಲಿ ಪೂರ್ತಿ ಹೊರಗಿದ್ದವರನ್ನು ಅವರು ಇದ್ದ ಜಾಗದಲ್ಲೇ ಬರೆದುಕೊಳ್ಳಬೇಕು, ನಿಯಮ ಹಾಗಿದೆ. ಗಣತಿ ನಡೆದದ್ದು ಫೆಬ್ರವರಿ, ಅಂದರೆ ಸರಿಯಾಗಿ ಗುಳೆ ಕಾಲ. ಆ ಜೋಪಡಿಯವರು ಮುಂಬೈ ಲೆಕ್ಕಕ್ಕೆ ಸೇರಿದರು. ನಾನೇ ಸೇರಿಸಿದೆ. ಆ 11 ಲಕ್ಷದಲ್ಲಿ ಅವರಿಲ್ಲ. ಜೂನ್‌ನಲ್ಲಿ ಎಣಿಸಿದ್ದರೆ ಜಿಲ್ಲೆಯ ಅಂಕಿ ಬೇರೆಯೇ ಬರುತ್ತಿತ್ತು ಅಲ್ವಾ?

ನಿಮ್ಮ ಟವರಿನವರು ಜೂನ್ ಮೊದಲ ವಾರ ಕಾಣದೆ ಹೋದರೆ ಊರಲ್ಲಿ ಮಳೆ ಬಿತ್ತು ಅಂತ ತಿಳಿಯಿರಿ.

ಪ್ರಶ್ನೆ: ಯಾದಗಿರಿ ನೋಡಲು ಯಾವ ತಿಂಗಳು ಒಳ್ಳೆಯದು?
– ಇನ್ನೊಬ್ಬ ಓದುಗರು, ಡೊಂಬಿವಲಿ

ಉತ್ತರ: ಡಿಸೆಂಬರ್. ಬೆಳಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸಂಜೆಗೆ ಯಾದಗಿರಿ. ಕೋಟೆ ಊರ ನಡುವಿನ ಗುಡ್ಡದ ಮೇಲೇ ಇದೆ. ಶಹಾಪುರದಲ್ಲಿ ಮಲಗಿದ ಬುದ್ಧನ ಆಕಾರದ ಬೆಟ್ಟ ಇದೆ, ರಸ್ತೆಯಿಂದಲೇ ಕಾಣುತ್ತದೆ. ನಾವು ಚಿಕ್ಕವರಿದ್ದಾಗ ಅದು ಬುದ್ಧ ಅಂತ ಯಾರೂ ಹೇಳಿರಲಿಲ್ಲ, ಸುಮ್ನೆ ದನ ಕಾಯುತ್ತಿದ್ದೆವು. ಮೇ ತಿಂಗಳಲ್ಲಿ ಮಾತ್ರ ಹೋಗಬೇಡಿ. ಬಿಸಿಲು 42 ಡಿಗ್ರಿ ದಾಟುತ್ತದೆ. ನಾನೇ ಹೋಗುವುದಿಲ್ಲ.